ಹನ್ನೊಂದನೇ ನಿಮಿಷ

ಹನ್ನೊಂದನೇ ನಿಮಿಷಕ್ಕೆ ಕಂಪ್ಯೂಟರ್ ಮತ್ತೆ ನಿಂತಿತು. ಪರದೆಯ ಮೇಲಿನ ಅಕ್ಷರಗಳು ಇದ್ದಲ್ಲೇ ಇದ್ದವು. ಯಾವ ಕೀ ಒತ್ತಿದರೂ ಕದಲಲಿಲ್ಲ. ಸುಮಿತ್ರಾ ಗಡಿಯಾರ ನೋಡಿದಳು. ನಿನ್ನೆಯೂ ಹನ್ನೊಂದೇ, ಮೊನ್ನೆಯೂ ಹನ್ನೊಂದೇ.

"ಎಂತ ಮಾರಾಯ್ತಿ, ಪುನಃ ನಿಂತಿತಾ?" ಯಜಮಾನ ಸದಾನಂದ ತನ್ನ ಮೇಜಿನಿಂದಲೇ ಕೇಳಿದ. "ಶುಕ್ರವಾರ ಗಿರಾಕಿ ಪಾರ್ಟಿಗೆ ತೋರಿಸ್ಲಿಕ್ಕುಂಟು."

"ನೋಡ್ತಿದೀನಿ ಸರ್."

1991ರ ಏಪ್ರಿಲ್. ಬೈಕುಲ್ಲಾದ ಆ ಕಟ್ಟಡದ ಕೊನೆಯ ಮಾಳಿಗೆಯಲ್ಲಿ ಬಿಸಿಲು ನೆತ್ತಿಯ ಮೇಲೇ ಕೂತಿರುತ್ತಿತ್ತು. ಸದಾನಂದ ಕಂಪ್ಯೂಟರ್ ಜೋಡಿಸಿ ಮಾರುವವನು. ಎದುರಾಳಿಗಳ ಮಿಷನ್ ಮೂವತ್ತಮೂರು ಮೆಗಾಹರ್ಟ್ಸ್ ವೇಗದ್ದು. ಇವನ ಬಳಿ ಬಿದ್ದಿದ್ದದ್ದು ಇಪ್ಪತ್ತೈದರ ಪ್ರೊಸೆಸರ್‌ಗಳ ರಾಶಿ. ಬೋರ್ಡಿನಲ್ಲಿ ವೇಗ ನಿರ್ಧರಿಸುವ ಕ್ರಿಸ್ಟಲ್ ಕಿತ್ತು ಬೇರೆಯದು ಕೂರಿಸಿ, ಇಪ್ಪತ್ತೈದರದ್ದನ್ನೇ ಮೂವತ್ತಮೂರಕ್ಕೆ ಓಡಿಸು ಎಂದು ಸುಮಿತ್ರಾಗೆ ಹುಕುಂ ಆಗಿತ್ತು. ಯಾರಿಗೆ ಗೊತ್ತಾಗ್ತದೆ ಎನ್ನುವುದೇ ಅವನ ಶಾಸ್ತ್ರ.

ಅವಳು ಮೆಮೊರಿ ಬದಲಿಸಿ ನೋಡಿದಳು. ಪವರ್ ಸಪ್ಲೈ ಬದಲಿಸಿದಳು. ಕೇಬಲ್ಲುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದಳು. ಊಹೂಂ. ಕೊನೆಗೆ ಪ್ರೊಸೆಸರಿನ ಮೇಲೆ ಬೆರಳಿಟ್ಟವಳು ತಟ್ಟನೆ ಎಳೆದುಕೊಂಡಳು. ದೋಸೆ ಕಾವಲಿಯ ಹಾಗೆ ಕಾದಿತ್ತು. ಹಳೆಯ ಆಂಪ್ಲಿಫೈಯರಿನಿಂದ ಬಿಸಿ ಹೀರುವ ಅಲ್ಯುಮಿನಿಯಂ ತುಂಡೊಂದನ್ನು ಬಿಚ್ಚಿ ಪ್ರೊಸೆಸರಿನ ಬೆನ್ನಿಗೆ ಅಂಟಿಸಿದಳು. ಹನ್ನೊಂದು ನಿಮಿಷ ದಾಟಿತು. ಒಂದು ಗಂಟೆಯೂ ದಾಟಿತು. ರೋಗವೂ ಸಿಕ್ಕಿತು, ಮದ್ದೂ ಸಿಕ್ಕಿತು.

ಸುಮಿತ್ರಾ ಸುತ್ತ ನೋಡಿದಳು. ಆ ತುಂಡನ್ನು ಮೆಲ್ಲನೆ ಬಿಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಪೆಟ್ಟಿಗೆಯ ಮುಚ್ಚಳ ಮುಚ್ಚಿ ಸ್ಕ್ರೂ ಬಿಗಿದಳು.

"ಸರಿಹೋಯ್ತು ಸರ್."

ಸದಾನಂದ ಬಂದು ಅರ್ಧ ಲೋಟದ ಕಟಿಂಗ್ ಚಹಾ ಮುಗಿಯುವಷ್ಟು ಹೊತ್ತು ನೋಡಿದ. ಮಿಷನ್ ಓಡಿತು. ಅವನ ತಾಳ್ಮೆಯ ಅಳತೆ ಅಷ್ಟೇ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಎರಡು ವರ್ಷದ ಹಿಂದೆ ಇದೇ ಮೇಜಿನಲ್ಲಿ ಅವಳ ಅಣ್ಣ ಕಿಟ್ಟು ಕೂರುತ್ತಿದ್ದ. ಒಂದು ಡಬ್ಬಿ ಮೆಮೊರಿ ಚಿಪ್ ಕಾಣೆಯಾಯಿತು. ಸದಾನಂದ ನಾಲ್ಕು ಜನರನ್ನು ಕಟ್ಟಿಕೊಂಡು ಆಂಟಾಪ್ ಹಿಲ್ಲಿನ ಅಣ್ಣನ ಮನೆಗೆ ನುಗ್ಗಿ, ಅಕ್ಕಿ ಡಬ್ಬವನ್ನೂ ನೆಲಕ್ಕೆ ಸುರಿಸಿ ಹುಡುಕಿದ. ಏನೂ ಸಿಗಲಿಲ್ಲ. ಆದರೂ ಕಿಟ್ಟುವನ್ನು ಇಡೀ ಬಿಲ್ಡಿಂಗಿನ ಎದುರು ನಿಲ್ಲಿಸಿ ಕಳ್ಳ ಅಂದ. ನಾಲಿಗೆಗೆ ಎಲುಬಿಲ್ಲವಲ್ಲ. ಅಂದಿನಿಂದ ಈ ಕಸುಬಿನಲ್ಲಿ ಕಿಟ್ಟುವಿಗೆ ಯಾರೂ ಬಾಗಿಲು ತೆರೆದಿಲ್ಲ. ಅವನು ಮೆಟ್ಟಿಲಿಳಿದರೆ ನೆರೆಯವರು ಹೊರಗಿಟ್ಟ ಚಪ್ಪಲಿಯನ್ನೂ ಒಳಗೆ ತೆಗೆದುಕೊಳ್ಳುತ್ತಾರೆ.

ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದ ತಂಗಿಯನ್ನು ಸದಾನಂದ ಕಂಡಿರಲಿಲ್ಲ. ಗೆಳತಿಯ ಮನೆಯ ವಿಳಾಸ ಕೊಟ್ಟು ಅವಳು ಕೆಲಸಕ್ಕೆ ಸೇರಿದಳು. ಆ ಡಬ್ಬಿ ಆಮೇಲೆ ತನ್ನ ಕಾರಿನ ಡಿಕ್ಕಿಯಲ್ಲೇ ಸಿಕ್ಕಿತೆಂದು ಅವನು ಒಮ್ಮೆ ಅವಳೆದುರೇ ನಗುತ್ತ ಹೇಳಿದ. "ಉಗುಳಿದ್ದನ್ನು ಪುನಃ ನುಂಗ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಆಗದಿದ್ದರೆ ಬೇಡ, ನುಂಗಿಸಿಯೇ ತೀರುತ್ತೇನೆ ಎಂದು ಅವಳು ಅವತ್ತೇ ಹಲ್ಲು ಕಚ್ಚಿದಳು. ಅಣ್ಣ ನಿಂತ ಹಾಗೆ ಇವನೂ ಹತ್ತು ಜನರೆದುರು ತಲೆ ತಗ್ಗಿಸಿ ನಿಲ್ಲಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಶುಕ್ರವಾರ ಫೋರ್ಟ್ ಕಡೆಯ ಗಿರಾಕಿಯ ಆಫೀಸಿಗೆ ಮಿಷನ್ ಹೊತ್ತೊಯ್ದರು. ದೊಡ್ಡ ಸರಕು ಸಾಗಣೆ ಕಂಪನಿ. ನಲವತ್ತು ಕಂಪ್ಯೂಟರ್ ಬೇಕಿತ್ತು. ಮ್ಯಾನೇಜರ್ ಅಣವೀರಪ್ಪ ಧಾರವಾಡದ ಕಡೆಯವರು. ಸುತ್ತ ಹನ್ನೆರಡು ಅಧಿಕಾರಿಗಳು, ಸಾಲದ್ದಕ್ಕೆ ಎದುರಾಳಿ ವ್ಯಾಪಾರಿಗಳಿಬ್ಬರು. ಮಾನ ಕಳೆಯಲು ಇದಕ್ಕಿಂತ ಒಳ್ಳೆಯ ಸಭೆ ಕರೆದರೂ ಸೇರುತ್ತಿರಲಿಲ್ಲ.

ಸುಮಿತ್ರಾ ಸ್ವಿಚ್ ಹಾಕಿ ಎಣಿಸತೊಡಗಿದಳು. ಎಂಟು. ಹತ್ತು. ಹನ್ನೊಂದು.

ಪರದೆ ಓಡುತ್ತಲೇ ಇತ್ತು. ಹನ್ನೆರಡಾಯಿತು, ಇಪ್ಪತ್ತಾಯಿತು, ಗಂಟೆಯೇ ಕಳೆಯಿತು. ಸದಾನಂದನ ದನಿ ಏರುತ್ತ ಹೋಯಿತು; ಅಧಿಕಾರಿಗಳು ತಲೆದೂಗಿದರು. ಅವಳಿಗೆ ಯಾಕೋ ಚಳಿಯಾಯಿತು. ಸೆರಗು ಹೊದ್ದುಕೊಳ್ಳುವಾಗ ವಿಷಯ ಹೊಳೆಯಿತು. ಗೋಡೆಯಲ್ಲಿ ಎಸಿ ಗುರುಗುಡುತ್ತಿತ್ತು. ಬೈಕುಲ್ಲಾದ ಸೆಕೆಯಲ್ಲಿ ಎಣಿಸಿಟ್ಟ ಹನ್ನೊಂದು ನಿಮಿಷ ಈ ತಂಪಿನಲ್ಲಿ ಬರುವುದೇ ಇಲ್ಲ. ಜನ್ಮದಲ್ಲಿ ಎಸಿ ಕೋಣೆಯಲ್ಲಿ ಕೂತವಳಲ್ಲ, ಮೊದಲೇ ಹೊಳೆಯುವುದಾದರೂ ಹೇಗೆ? ತನ್ನ ಕೈಯಾರೆ ಅವನ ಕೊರಳಿಗೆ ಹಾರ ಹಾಕಿದ ಹಾಗಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು.

"ಮಿಷನ್ ಭಾಳ ಛಲೋ ಓಡ್ತೈತ್ರಿ," ಎಂದರು ಅಣವೀರಪ್ಪ. "ಆದ್ರ ನಾಳೆ ಕೈ ಕೊಟ್ರ?"

ಸದಾನಂದ ಲೆಟರ್‌ಹೆಡ್ ತೆಗೆದು ಎಲ್ಲರೆದುರೇ ಬರೆದು ಸಹಿ ಹಾಕಿದ. "ನಲವತ್ತೂ ಇದೇ ಥರ. ಒಂದು ಸ್ಕ್ರೂ ಸಹ ವ್ಯತ್ಯಾಸ ಇಲ್ಲ. ಒಂದು ನಿಂತ್ರೂ ನಿಮ್ಮ ಗೇಟಿನೆದುರು ನಿಲ್ಲಿಸಿ ನನ್ನನ್ನು ಕಳ್ಳ ಅಂತ ಕರೀರಿ."

ಎಲ್ಲರೂ ನಕ್ಕರು. ಕೈ ಕುಲುಕಾಟವಾಯಿತು, ಪೇಡೆ ಬಂತು. ಸುಮಿತ್ರಾ ತನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಬದಿಗಿಟ್ಟಳು. ಮಿಷನ್ ಎಲ್ಲಿಗೆ ತಲುಪಿಸಬೇಕೆಂದು ಬರೆದುಕೊಳ್ಳಲು ಸದಾನಂದ ಅವಳಿಗೆ ಹೇಳಿದ. ಅವಳು ಇದೇ ಆಫೀಸಿನ ವಿಳಾಸ ಬರೆಯತೊಡಗಿದಳು.

"ಇಲ್ಲಿಗೆ ಒಂದೂ ಬ್ಯಾಡ ತಂಗಿ," ಎಂದರು ಅಣವೀರಪ್ಪ. "ನಲವತ್ತೂ ವಡಾಲದ ಗೋದಾಮಿಗೆ."

ಅವಳು ಪೆನ್ನು ಎತ್ತಿದಳು. "ಅಲ್ಲೂ ಹೀಗೇ ಎಸಿ ಇದೆಯಾ ಸರ್?"

"ಎಲ್ಲೀ ಎಸಿ? ತಗಡಿನ ಶೆಡ್ ಐತಿ. ಒಂದ್ ಫ್ಯಾನರ ಹಾಕಸ್ರಿ ಅಂತ ಹಮಾಲರು ಮೂರು ವರ್ಷದಿಂದ ಬಾಯಿ ಬಡ್ಕೊಳ್ಳಾಕತ್ತಾರ."