ಓಡುವ ಚುಕ್ಕಿ

ಆಕಾಶ ಕಪ್ಪಿಟ್ಟಿತ್ತು. ಸೊಸೆ ಹೊಸ್ತಿಲಲ್ಲಿ ಕುಳಿತು ಬೂಟಿನ ಲೇಸು ಬಿಗಿಯುತ್ತಿದ್ದಳು.

"ದೊಡ್ಡ ಮಳಿ ಬರೂಹಂಗ ಐತಿ. ಇವತ್ತೊಂದಿನ ಓಡೋದು ಬಿಡವಾ," ಎಂದಳು ಅತ್ತೆ.

"ಬಿಟ್ರ ಏನೂ ಲುಕ್ಸಾನಿಲ್ಲ," ಸೋಫಾದಲ್ಲಿದ್ದ ಗಂಡ ನಕ್ಕ. "ಎಮ್ಮಿ ಸೈತ ಇಕಿಗಿಂತ ಜೋರ್ ಓಡ್ತಾವ."

ಅವಳ ಮುಖ ಬಿಗಿಯಿತು. ಕೈಯ ವಾಚು ತೋರಿಸಿದಳು. "ನಾ ಎಲ್ಲಿದೀನಿ, ಎಷ್ಟು ಜೋರ್ ಓಡಾಕತ್ತೀನಿ, ಎಲ್ಲಾ ನಿಮ್ಮ ಮೊಬೈಲಿನಾಗ ಕಾಣ್ತೈತಿ. ಕುಂತು ನೋಡ್ರಿ."

"ತೊಯ್ಸಿ ಕೆಡಿಸೀ ಮತ್ತ. ತುಟ್ಟಿ ವಾಚ್ ಅದು," ಎಂದ ಗಂಡ.

"ನೀರಾಗ ಬಿದ್ರೂ ನಿಂದ್ರಂಗಿಲ್ಲ ಇದು," ಎಂದು ಅವಳು ಹೊರಟೇಬಿಟ್ಟಳು.

ಸ್ವಲ್ಪ ಹೊತ್ತಿಗೇ ಮಳೆ ಹುಚ್ಚೆದ್ದು ಸುರಿಯಿತು. ಓಣಿ ಹಳ್ಳವಾಯಿತು. ಅತ್ತೆ ಬಾಗಿಲು ಬಿಟ್ಟು ಕದಲಲಿಲ್ಲ.

"ಎಲ್ಲೆರ ಆಸರಕ್ಕ ನಿಂತಾಳೇನು ನೋಡೋ."

ಗಂಡ ಮೊಬೈಲ್ ತೆಗೆದ. ನಕ್ಷೆಯಲ್ಲಿ ನೀಲಿ ಚುಕ್ಕಿ ದೊಡ್ಡ ನಾಲಾದ ಸೇತುವೆಯ ಹತ್ತಿರ ನಿಂತಿತ್ತು.

"ಸೇತುವಿ ಹತ್ರ ನಿಂತಾಳ. ದಮ್ಮು ಹತ್ತಿರಬೇಕು."

ಅಷ್ಟರಲ್ಲಿ ಚುಕ್ಕಿ ಮತ್ತೆ ಹೊರಟಿತು. ನೋಡುತ್ತಿದ್ದಂತೆ ಅವನ ಹುಬ್ಬು ಮೇಲೇರಿತು.

"ಯವ್ವಾ, ಬಾ ಇಲ್ಲಿ! ನಿನ್ನ ಸೊಸಿ ಕುದುರಿ ಆಗ್ಯಾಳ! ಇಷ್ಟು ಜೋರ್ ಎಂದೂ ಓಡಿದಾಕಿ ಅಲ್ಲ."

ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದಳು.

"ಯಾವ ರಸ್ತಾದಾಗ ಹೊಂಟಾಳ?"

ಅವನು ನಗುತ್ತಲೇ ಎರಡು ಬೆರಳಿನಿಂದ ನಕ್ಷೆಯನ್ನು ಹಿಗ್ಗಿಸಿದ.

ರಸ್ತೆ ಸೇತುವೆಯ ಬಳಿಯೇ ತಿರುಗಿ ಹೋಗಿತ್ತು; ಚುಕ್ಕಿ ನಾಲಾದ ನಟ್ಟನಡುವೆ, ಕೆರೆಯ ಕಡೆಗೆ ಓಡುತ್ತಿತ್ತು.