ಬೇಳೆ ಡಬ್ಬಿಯ ನಟ್ಟು

ನಾನು ಕೂಡಿಹಾಕುವ ಹಳೇ ವೈಸುಗಳ ತುಕ್ಕನ್ನು ಸೀಮೆಎಣ್ಣೆಯಲ್ಲಿ ಉಜ್ಜುವಾಗೆಲ್ಲ ಹರಿಹರದ ಆ ಆಯುಧಪೂಜೆಯ ಮಧ್ಯಾಹ್ನ ಮೂಗಿಗೆ ಬಡಿಯುತ್ತದೆ.

ಅಪ್ಪ ತೀರಿಕೊಂಡ ಮೇಲೆ, ಕಬ್ಬಿಣ ಕಚ್ಚಿ ಹಿಡಿಯುವ ಅವನ ವೈಸನ್ನು ದೊಡ್ಡಪ್ಪ ತನ್ನ ಪಾಲೆಂದು ಹೊತ್ತೊಯ್ದ. ಅವನು ಬರುವ ಮೊದಲೇ ಅವ್ವ ಅದರೊಳಗಿನ ನಟ್ಟು ಬಿಚ್ಚಿ ಬೇಳೆ ಡಬ್ಬಿಯಲ್ಲಿ ಹುದುಗಿಸಿದ್ದಳು. ಎಷ್ಟು ತಿರುಗಿಸಿದರೂ ಏನನ್ನೂ ಕಚ್ಚದ ವೈಸನ್ನು ಅವನು ಬೈಯುತ್ತಲೇ ದಾವಣಗೆರೆಯ ಗುಜರಿಗೆ ಹಾಕಿದ. ಅವ್ವ ಅದನ್ನು ಕೊಂಡು ತಂದು, ಉಜ್ಜಿ, ನಟ್ಟು ಕೂರಿಸಿ, ಹಬ್ಬಕ್ಕೆ ಅವನನ್ನೇ ಕರೆದಳು.

ಕುಂಕುಮ ಹಚ್ಚಿದ ವೈಸು ಕಂಡು ದೊಡ್ಡಪ್ಪ, “ಇದು ಕೆಟ್ಟಿತ್ತಲ್ಲ?” ಎಂದ.

“ಕೂಡ್ರಿ ಭಾವ,” ಎನ್ನುತ್ತ ಅವ್ವ ಪೂಜೆಯ ತೆಂಗಿನಕಾಯಿಯನ್ನು ಅದರ ಬಾಯಿಗಿಟ್ಟು ನಿಧಾನವಾಗಿ ಬಿಗಿದಳು. ಕಾಯಿ ಫಟ್ಟನೆ ಒಡೆದು ನೀರು ಅವನ ಇಸ್ತ್ರಿ ಪಂಚೆಗೆ ಸಿಡಿಯಿತು.

“ಬ್ಯಾಳೆ ಹೋಳಿಗೆ ಮಾಡೀನಿ,” ಅಂದಳು ಅವ್ವ, “ಉಂಡೇ ಹೋಗ್ರಿ.”