ಏಕವಚನ ಸಹಿಸದ ಲಿನಕ್ಸ್

ಲಿನಕ್ಸ್ ತಂತ್ರಾಂಶದ ಕಂಪ್ಯೂಟರ್ ಯಂತ್ರಗಳು ಏಕವಚನಕ್ಕೆ ಓಗೊಡುವುದನ್ನು ನಿಲ್ಲಿಸಿ ಮೂರು ವರ್ಷವಾಯಿತು. ಅವುಗಳ ಎದುರಿಗೆ ಹಿರಿಯರನ್ನು ‘ನೀನು’ ಎಂದರೂ ಮುನಿಸಿಕೊಂಡು ಕೆಲಸ ನಿಲ್ಲಿಸುತ್ತವೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಪ್ರೋಗ್ರಾಮರ್ ತನ್ಮಯನಿಗೆ ಇದೆಲ್ಲ ರೂಢಿಯಾಗಿದೆ. ಗೇಮಿನಲ್ಲಿ ರಾಕ್ಷಸನಿಗೆ ಗುಂಡು ಹೊಡೆಯುವ ಮೊದಲೂ “ತಾವು ಸ್ವಲ್ಪ ಈ ಕಡೆ ತಿರುಗ್ತೀರಾ?” ಎನ್ನುತ್ತಾನೆ.

ನಿನ್ನೆ ಬೆಳಿಗ್ಗೆ ನಾನು ಚಟ್ನಿಪುಡಿ ಕೊಡಲು ಹೋದಾಗ ಅವನು ತಿಂಗಳುಗಟ್ಟಲೆ ಬರೆದ ಕೋಡನ್ನು ಕಂಪನಿಗೆ ಕಳಿಸುತ್ತಿದ್ದ. ಹನ್ನೊಂದು ಗಂಟೆಯೊಳಗೆ ಅದು ತಲುಪದಿದ್ದರೆ ಕೆಲಸ ಹೋಗುತ್ತಿತ್ತು. ಅಷ್ಟರಲ್ಲಿ ಮನೆಗೆಲಸದ ವಯಸ್ಸಾದ ನಿಂಗಾಜಮ್ಮ ನೆಲ ಒರೆಸಲು ಬಂದರು.

“ಏ, ಆ ವೈರ್ ಮುಟ್ಟಬೇಡ,” ಎಂದ ತನ್ಮಯ.

ಕೋಡ್ ಅರ್ಧಕ್ಕೇ ನಿಂತಿತು. ಪರದೆಯ ಮೇಲೆ ‘ಅನುಮತಿ ಇಲ್ಲ’ ಎಂದು ಮೂಡಿತು. ಅವನು ಕೈ ಮುಗಿದು, “ತಪ್ಪಾಯ್ತು ಸರ್, ದಯವಿಟ್ಟು ಕ್ಷಮಿಸಿ,” ಎಂದು ಯಂತ್ರವನ್ನು ಬೇಡಿಕೊಂಡ.

“ಅದನ್ನಲ್ಲಪ್ಪ, ಅವರನ್ನ ಕೇಳು,” ಎಂದೆ.

“ಇವಳಿಗೆ ಲಿನಕ್ಸ್ ಬಗ್ಗೆ ಏನ್ ಗೊತ್ತು ಆಂಟಿ?”

ನಿಂಗಾಜಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪರದೆಯ ಧೂಳು ತೆಗೆದರು. “ಹೋಗ್ಲಿ ಬುಡಿ ಸ್ವಾಮಿ, ಹುಡುಗು ಬುದ್ಧಿ. ಕೆಲ್ಸ ಕಳ್ಕಂಡ್ರೆ ಊಟಕ್ಕೇನ್ ಮಾಡ್ತದೆ ಈ ಮಗ?” ಎಂದರು.

ಕೋಡ್ ಮತ್ತೆ ಹೊರಟಿತು. ಶೇಕಡಾ ತೊಂಬತ್ತೊಂಬತ್ತು ಮುಗಿದಾಗ ತನ್ಮಯ ಯಂತ್ರಕ್ಕೆ ಬಾಗಿ, “ತುಂಬಾ ಉಪಕಾರವಾಯ್ತು ಸರ್,” ಎಂದ. ಆಮೇಲೆ ನಿಂಗಾಜಮ್ಮನ ಕಡೆ ತಿರುಗಿ, “ಆ ಮೂಲೆ ಒರೆಸೇ ಇಲ್ಲ ನೋಡು,” ಎಂದ.

ಪರದೆಯ ಮೇಲೆ ಮತ್ತೆ ಅದೇ ಎರಡು ಪದ. ಹನ್ನೊಂದಕ್ಕೆ ಇನ್ನೆರಡು ನಿಮಿಷವಿತ್ತು. ನಿಂಗಾಜಮ್ಮ ಈ ಸಲ ಯಂತ್ರಕ್ಕೆ ಏನೂ ಹೇಳದೆ ಮೂಲೆ ಒರೆಸಲು ಹೋದರು.